ಎರಡೇ ಸೀಟು

ಮಾರ್ಚ್ 3, ಸೋಮವಾರ

ಗಾಜು ಕೂರಿಸುವ ಗೋಂದಿನ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಎರಡು ತಿಂಗಳಿಂದ ಅಲುಗಾಡುವ ಮೇಜಿನ ಕಾಲಿಗೆ ಆಸರೆಯಾಗಿತ್ತು. ಇವತ್ತು ಎಳೆದು ತೆಗೆದೆ. ನನ್ನ ತಲೆಯಲ್ಲಿರುವುದನ್ನು ಹೊರಗೆ ಹಾಕದಿದ್ದರೆ ತಲೆ ಸಿಡಿಯುತ್ತದೆ, ಯಾರಿಗಾದರೂ ಹೇಳಿದರೆ ಸಂಜೆಯೊಳಗೆ ಅತ್ತಿಗೆಯ ಕಿವಿಗೆ ಬೀಳುತ್ತದೆ. ಪ್ರತಿ ಪುಟದ ಮೇಲೂ ‘ಇಂದಿನ ಗುರಿ’ ಎಂದು ಅಚ್ಚು ಹಾಕಿ ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಗೋಂದು ಮಾರುವವರಿಗೆ ನನ್ನ ಗುರಿ ಕಟ್ಟಿಕೊಂಡು ಏನಾಗಬೇಕೋ.

ಇಂದಿನ ಗುರಿ: ಅಣ್ಣನ ಬಾಯಿ ಮುಚ್ಚಿಸುವುದು.

ನಮ್ಮ ವ್ಯಾನು ಕೈಕೊಟ್ಟಿದೆ. ಹತ್ತೊಂಬತ್ತು ವರ್ಷ ದುಡಿದ ಗಾಡಿ. ಮೆಕ್ಯಾನಿಕ್ ಬಾನೆಟ್ ಎತ್ತಿ ಒಳಗೆ ಇಣುಕಿ, ಮೆಲ್ಲಗೆ ಇಳಿಸಿದ. ಇನ್ನು ಹೊಸದು ಬೇಕು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ? ನಮ್ಮದು ಗಾಜಿನ ಅಂಗಡಿ. ಅಳತೆ ತೆಗೆದು, ಕತ್ತರಿಸಿ, ಹೊತ್ತುಕೊಂಡು ಹೋಗಿ ಕೂರಿಸುವುದು ಕೆಲಸ. ಗಾಜು ಯಾವಾಗಲೂ ನಿಂತುಕೊಂಡೇ ಪ್ರಯಾಣ ಮಾಡಬೇಕು, ಮಲಗಿಸಿದರೆ ಒಂದು ಗುಂಡಿ ಸಾಕು, ತನ್ನ ಭಾರಕ್ಕೆ ತಾನೇ ಸೀಳಿಹೋಗುತ್ತದೆ. ಹಾಗಾಗಿ ಪಿಕಪ್ ಬೇಕು. ಹಿಂದೆ ಉದ್ದದ ತೊಟ್ಟಿ, ಅದರೊಳಗೆ ಗಾಜು ನಿಲ್ಲಿಸುವ ಚೌಕಟ್ಟು. ಮುಂದೆ ಎರಡು ಸೀಟು. ಅಂಗಡಿಯಲ್ಲಿ ಇರುವವರೂ ನಾವಿಬ್ಬರೇ, ಅಣ್ಣ ಮತ್ತು ನಾನು.

ಅಣ್ಣ ಏನೆಂದ? "ಎಸ್‌ಯುವಿ ತಗೊಳ್ಳೋಣ ಅಂತಿದೀನಿ."

ಅರುವತ್ತಮೂರು ವಯಸ್ಸು. ತಲೆಯಲ್ಲಿ ಇದ್ದ ನಾಲ್ಕು ಕೂದಲಿನ ಜೊತೆ ಬುದ್ಧಿಯೂ ಉದುರಿದೆ.

ಮಾರ್ಚ್ 5, ಬುಧವಾರ

ಇಂದಿನ ಗುರಿ: ಮೊನ್ನೆಯದೇ.

ಎಸ್‌ಯುವಿ ಯಾಕೆ ಬೇಕು ಎಂದು ಅಣ್ಣ ಇದುವರೆಗೆ ಕೊಟ್ಟ ಕಾರಣಗಳನ್ನು ಬರೆದಿಡುತ್ತೇನೆ, ಮುಂದೆ ಯಾವಾಗಲಾದರೂ ನಗು ಬೇಕಾದರೆ ಓದಿಕೊಳ್ಳಬಹುದು. ಸೀಟು ಎತ್ತರ, ಮಂಡಿಗೆ ಒಳ್ಳೆಯದು. ಗಿರಾಕಿಗಳು ಮರ್ಯಾದೆ ಕೊಡುತ್ತಾರೆ. ಅತ್ತಿಗೆಯನ್ನು ಅವಳ ತಂಗಿಯ ಮನೆಗೆ ಕರೆದುಕೊಂಡು ಹೋಗಬಹುದು. ತಂಗಿಯ ಜೊತೆ ಅತ್ತಿಗೆ ಮಾತು ಬಿಟ್ಟು ಆರು ವರ್ಷ ಆಯಿತು. ಇದನ್ನು ನೆನಪಿಸಿದರೆ "ಗಾಡಿ ಬಂದ್ರೆ ಮಾತೂ ಬರುತ್ತೆ" ಎನ್ನುತ್ತಾನೆ.

ಅದರೊಳಗೆ ಗಾಜು ಹೇಗೆ ಹೋಗುತ್ತದೆ ಎಂದು ಕೇಳಿದೆ.

"ದೊಡ್ಡ ಗಾಜು ಯಾಕೆ ಬೇಕು ಇನ್ನು? ಕನ್ನಡಿ ಮಾಡೋಣ. ಫೋಟೋ ಫ್ರೇಮು, ಮೇಜಿನ ಮೇಲಿನ ಗಾಜು. ಮಡಿಲಲ್ಲಿ ಇಟ್ಕೊಂಡು ಹೋಗಬಹುದು."

ಫೋಟೋ ಫ್ರೇಮಂತೆ. ಈಜುಕೊಳದ ಕಟ್ಟಡದವರು ಒಂದು ಇಡೀ ಗೋಡೆಯ ಗಾಜು ನಮಗೆ ಒಪ್ಪಿಸಿದ್ದಾರೆ. ಹದಿನಾಲ್ಕು ಹಾಳೆ, ಒಂದೊಂದು ಏಳು ಅಡಿ ಉದ್ದ, ಐದು ಅಡಿ ಅಗಲ, ಏಪ್ರಿಲ್ ಹದಿನೈದರೊಳಗೆ ಕೂರಿಸಬೇಕು. ಇಂಥ ಕೆಲಸಕ್ಕೆ ಮೂವತ್ತು ವರ್ಷ ಕಾದಿದ್ದೇವೆ. ಈ ಮನುಷ್ಯನಿಗೆ ಮಡಿಲಲ್ಲಿ ಕನ್ನಡಿ ಇಟ್ಟುಕೊಂಡು ಮೆರವಣಿಗೆ ಹೋಗಬೇಕಾಗಿದೆ.

"ಪಿಕಪ್‌ನಲ್ಲಿ ಎರಡೇ ಸೀಟು," ಎಂದ ಕೊನೆಗೆ.

"ನಾವಿರೋದು ಎಷ್ಟು ಜನ? ಇನ್ನೊಂದು ಸೀಟಲ್ಲಿ ನಿನ್ನ ದೊಡ್ಡಸ್ತಿಕೆ ಕೂರಬೇಕಾ?"

ಮುಖ ಗಂಟು ಹಾಕಿಕೊಂಡು ಎದ್ದು ಹೋದ. ಹೋಗಲಿ.

ಮಾರ್ಚ್ 8, ಶನಿವಾರ

ಇಂದಿನ ಗುರಿ: ಶೋರೂಮಿನಲ್ಲಿ ಯಾರನ್ನೂ ಹೊಡೆಯದಿರುವುದು.

ಅಲ್ಲಿ ಮಾರುವವನೊಬ್ಬನಿದ್ದಾನೆ. ಅಂಗಿ, ಪ್ಯಾಂಟು, ಕೂದಲು, ನಗು ಎಲ್ಲವೂ ಗರಿಗರಿ. ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದೇನೆ. ಗಾಡಿ ಯಾವ ಕೆಲಸಕ್ಕೆ ಎಂದು ಕೇಳದೆ, ಯಾವ ಬಣ್ಣ ಇಷ್ಟ ಎಂದು ಕೇಳಿದ.

ಎಸ್‌ಯುವಿ ಎಂದರೆ ಏನು ಎಂದು ಇವತ್ತು ಹತ್ತಿರದಿಂದ ನೋಡಿದೆ. ಗುಡ್ಡ ಹತ್ತುತ್ತದಂತೆ, ಹೊಳೆ ದಾಟುತ್ತದಂತೆ. ನಮ್ಮ ಬೀದಿಯಲ್ಲಿ ಹತ್ತುವುದಕ್ಕೆ ಇರುವುದು ಶಾಲೆಯ ಮುಂದಿನ ರಸ್ತೆ ಉಬ್ಬು ಒಂದೇ. ಒಳಗೆ ಏಳು ಸೀಟು, ಹದಿನಾಲ್ಕು ಲೋಟ ಇಡುವ ಗುಳಿ. ಒಬ್ಬೊಬ್ಬರಿಗೆ ಎರಡೆರಡು ಲೋಟ ಯಾಕೆ ಎಂದು ಇಸ್ತ್ರಿಯನ್ನು ಕೇಳಿದೆ. ನಕ್ಕ. ಉತ್ತರ ಗೊತ್ತಿಲ್ಲದಿದ್ದಾಗಲೆಲ್ಲ ನಗುವಂತೆ ಅವನಿಗೆ ಯಾರೋ ಕಲಿಸಿದ್ದಾರೆ. ಗಾಜು ಎಲ್ಲಿಡಬೇಕು ಎಂದರೆ "ಮೇಲೆ ಕ್ಯಾರಿಯರ್ ಹಾಕ್ಕೊಡ್ತೀವಿ ಸರ್, ಮಲಗಿಸಿಬಿಡಿ" ಎಂದ. ಮಲಗಿಸಿಬಿಡಬೇಕಂತೆ. ಬೆಪ್ಪುತಕ್ಕಡಿ.

ಅಣ್ಣ ಮಹಾರಾಜರ ಹಾಗೆ ಬಾಗಿಲ ಮುಂದೆ ನಿಂತುಬಿಟ್ಟ. ಹಿಡಿಕೆ ಮುಟ್ಟಲಿಲ್ಲ. ಇಸ್ತ್ರಿ ಓಡಿಬಂದು ಬಾಗಿಲು ತೆಗೆಯುವವರೆಗೆ ಕಾದ. ಆಮೇಲೆ ಒಳಗೆ ಕೂತು, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ಶೋರೂಮಿನ ಗೋಡೆಯನ್ನು ನೋಡಿದ. ಹತ್ತು ನಿಮಿಷ ಕೂತಿದ್ದ. ಗೋಡೆಯ ಮೇಲೆ ಬೆಂಕಿ ನಂದಿಸುವ ಸಿಲಿಂಡರ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ನಾವು ಜಗಳವಾಡುವುದನ್ನು ನೋಡಿ ಇಸ್ತ್ರಿ ಮೂರನೆಯದೊಂದು ತೋರಿಸಿದ. ಡಬಲ್ ಕ್ಯಾಬ್ ಪಿಕಪ್. ಮುಂದೆ ಎರಡು ಸೀಟು, ಅದರ ಹಿಂದೆ ಇನ್ನೊಂದು ಸಾಲು, ಅದರ ಹಿಂದೆ ಬಾಲ ಕತ್ತರಿಸಿದ ಹಾಗೆ ಗಿಡ್ಡ ತೊಟ್ಟಿ. ಎಸ್‌ಯುವಿಯೂ ಅಲ್ಲ, ಪಿಕಪ್ಪೂ ಅಲ್ಲ. ತೀರ್ಮಾನ ಮಾಡುವ ಧೈರ್ಯವಿಲ್ಲದವರಿಗೆ ಎಂದೇ ಮಾಡಿದ ಗಾಡಿ. ಅದನ್ನು ಕೊಳ್ಳುವವನಿಗಿಂತ ನಡೆದುಕೊಂಡು ಹೋಗುವವನಿಗೆ ಮರ್ಯಾದೆ ಜಾಸ್ತಿ ಎಂದು ಇಸ್ತ್ರಿಯ ಮುಖಕ್ಕೇ ಹೇಳಿದೆ. ನಕ್ಕ.

ಮಾರ್ಚ್ 11, ಮಂಗಳವಾರ

ಇಂದಿನ ಗುರಿ: ಮೂರು ಕಿಟಕಿ.

ಬಾಡಿಗೆ ಗಾಡಿ ತರಿಸಿದೆವು. ಅದರ ಚಾಲಕ ನಲವತ್ತರ ಆಸುಪಾಸಿನ ದಾಂಡಿಗ, ತೋಳು ಒಂದೊಂದೂ ಕಂಬದ ಹಾಗಿದೆ. ಬೆಳಗ್ಗೆಯಿಂದ ಸಂಜೆವರೆಗೆ ಸಿಳ್ಳೆ ಹಾಕುತ್ತಾನೆ. ಒಂದೇ ಹಾಡು, ಅದರಲ್ಲೂ ಮೊದಲ ಸಾಲು ಮಾತ್ರ. ಸಿಳ್ಳೆ ಎಂದೇ ಕರೆಯುತ್ತೇನೆ, ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಳ್ಳಲು ಬೇಕಾದ ಅಂಗ ಅವನಿಗೆ ಇಲ್ಲ.

ಇವತ್ತು ಅಣ್ಣ ಗಾಜು ಮುಟ್ಟಲಿಲ್ಲ. ಬೆನ್ನು ಹಿಡಿದಿದೆಯಂತೆ. ತನ್ನ ತುದಿಯನ್ನು ಸಿಳ್ಳೆಗೆ ಹಿಡಿಸಿ, ತಾನು ಮುಂದೆ ಮುಂದೆ ಬರಿಗೈಯಲ್ಲಿ ನಡೆದುಕೊಂಡು "ಹೊಸ್ತಿಲು", "ಎಡಕ್ಕೆ", "ತಲೆ ಮೇಲೆ ದೀಪ ಇದೆ" ಎಂದು ಹೇಳುತ್ತಾ ಹೋದ. ಮದುವೆ ಮನೆಯಲ್ಲಿ ಕೆಲಸ ಮಾಡದ ಸೋದರಮಾವ ಓಡಾಡುವ ಹಾಗೆ. ಎಸ್‌ಯುವಿ ಇನ್ನೂ ಬಂದೇ ಇಲ್ಲ, ಯಜಮಾನಿಕೆ ಆಗಲೇ ಬಂದಿದೆ.

ಮಧ್ಯಾಹ್ನ ಚಹಾ ಕುಡಿಯುವಾಗಲೂ ಅದೇ ಠೀವಿ. ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಪ್ರಸಾದದ ಹಾಗೆ. ಅದೂ ಅರ್ಧ ಲೋಟ. ಅತ್ತಿಗೆ ಈಗೀಗ ಅವನಿಗೆ ಅರ್ಧವೇ ಬಗ್ಗಿಸುತ್ತಾಳೆ. ಸಕ್ಕರೆ ಕಾಯಿಲೆ ಇರಬೇಕು, ನನಗೆ ಹೇಳಿಲ್ಲ.

ಮಾರ್ಚ್ 13, ಗುರುವಾರ

ಇಂದಿನ ಗುರಿ: ಅವನ ಜೊತೆ ಮಾತಾಡದಿರುವುದು. ಸಾಧಿಸಿದೆ.

ಮಾರ್ಚ್ 15, ಶನಿವಾರ

ಇಂದಿನ ಗುರಿ: ತಾಳ್ಮೆ. ಆಗಲಿಲ್ಲ.

ಅಣ್ಣ ಎರಡು ಕನ್ನಡಿ ಒಡೆದ. ಅಂಗೈಯಗಲದ ಕನ್ನಡಿಗಳು. ಗಾಜಿನ ಮೇಲೆ ವಜ್ರದ ಮೊನೆಯಿಂದ ಗೆರೆ ಎಳೆಯುವಾಗ ಒಂದೇ ಎಳೆತ, ಒಂದೇ ಒತ್ತಡ. ನನಗೆ ಇದನ್ನು ಕಲಿಸಿದವನೇ ಅವನು, ಗೆರೆ ಡೊಂಕಾದರೆ ಬೆರಳಿಗೆ ಅಳತೆಕೋಲಿನಿಂದ ಬಡಿಯುತ್ತಿದ್ದ. ಇವತ್ತು ಅವನ ಗೆರೆ ಮಗು ಗೀಚಿದ ಹಾಗಿತ್ತು. "ಗಾಜೇ ಸರಿ ಇಲ್ಲ, ಹೊಸ ಲಾಟು ಕಳಪೆ" ಎಂದ. ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹತ್ತು ಅಡಿ ದೂರದಿಂದ ಹಿಡಿಯುವ ಕಣ್ಣು ನನ್ನದು. ಗಾಜು ಸರಿಯಾಗಿಯೇ ಇತ್ತು. ಇವನ ಗಮನ ಶೋರೂಮಿನಲ್ಲಿತ್ತು.

ಬೈದೆ. ಅದಕ್ಕೆ ಅವನು "ಬಿಡು" ಎಂದ.

ಅಂಗಡಿಯೊಳಗೆ ನಿಂತು ಆ ಮಾತು ಆಡಿದ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಅಂಗಡಿಯಲ್ಲಿ ಆ ಮಾತಿಗೆ ಒಂದೇ ಅರ್ಥ. ಇಬ್ಬರು ಗಾಜು ಹೊತ್ತಿರುವಾಗ ಹಿಡಿತ ಜಾರಿದರೆ, ಜಾರಿದ್ದನ್ನು ಕಂಡವನು "ಬಿಡು" ಎನ್ನಬೇಕು. ಅಂದ ತಕ್ಷಣ ಇಬ್ಬರೂ ಕೈ ತೆಗೆದು ಎರಡು ಹೆಜ್ಜೆ ಹಿಂದಕ್ಕೆ. ಹಿಡಿಯಲು ಹೋಗಬಾರದು, ಬೀಳುವ ಗಾಜನ್ನು ಹಿಡಿಯಲು ಹೋದವನ ಕೈ ಉಳಿಯುವುದಿಲ್ಲ. ಹಾಗಾಗಿ ಬೇರೆಯವರು ದಿನಕ್ಕೆ ನೂರು ಸಲ ಆಡುವ ಈ ಮಾತನ್ನು ನಾವು ಸುಮ್ಮಸುಮ್ಮನೆ ಆಡುವುದಿಲ್ಲ. ಬಿಡು ಎನ್ನಬೇಕಾದ ಕಡೆ ‘ಇರಲಿ’ ಎನ್ನುತ್ತೇವೆ, ‘ಹೋಗಲಿ’ ಎನ್ನುತ್ತೇವೆ. ಅತ್ತಿಗೆಗೂ ಅಂಗಡಿಗೆ ಬಂದರೆ ಇದೇ ಕಟ್ಟಳೆ. ಈ ಕಟ್ಟಳೆ ಮಾಡಿದವನೇ ಅಣ್ಣ.

"ಅಂಗಡೀಲಿ ಆ ಮಾತು ಆಡಬೇಡ ಅಂತ ಹೇಳಿದವನು ನೀನೇ ತಾನೇ?" ಎಂದೆ.

"ಹೂಂ, ನಾನೇ," ಎಂದ. ಒಡೆದ ಚೂರುಗಳನ್ನು ಎಡಗೈಯಿಂದ ಒಂದೊಂದಾಗಿ ಆರಿಸಿದ.

ಮಾರ್ಚ್ 19, ಬುಧವಾರ

ಗುರಿಯ ಗೆರೆ ಇವತ್ತು ಹಾಗೇ ಇರಲಿ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಕಿಟಕಿಯ ಗಾಜು. ಮೊದಲ ಮಹಡಿ, ಆರು ಅಡಿಗೆ ನಾಲ್ಕು, ಮೆಟ್ಟಿಲು ಇಕ್ಕಟ್ಟು. ಗಾಡಿ ನಿಲ್ಲಿಸಲು ಜಾಗವಿರಲಿಲ್ಲ, ಸಿಳ್ಳೆ ಕೆಳಗೇ ಸ್ಟಿಯರಿಂಗ್ ಹಿಡಿದು ಕೂರಬೇಕಾಯಿತು. ಅಣ್ಣ ಗಾಜನ್ನು ನೋಡಿದ, ಮೆಟ್ಟಿಲನ್ನು ನೋಡಿದ. "ಅವನು ಗಾಡಿ ನಿಲ್ಲಿಸಿ ಬರಲಿ, ಕಾಯೋಣ" ಎಂದ.

ನಾನು ಏನೆಂದೆ ಎಂದು ಬರೆಯಬೇಕು. ಬರೆಯುತ್ತೇನೆ. "ಎಸ್‌ಯುವಿಯವರು ಗಾಜು ಮುಟ್ಟಿದ್ರೆ ಮೈಲಿಗೆ ಆಗುತ್ತೇನೋ" ಎಂದೆ. ಅಲ್ಲಿದ್ದ ನರ್ಸು ನಕ್ಕಳು. ಅವಳು ನಕ್ಕಳೆಂದು ಇನ್ನೊಂದು ಸೇರಿಸಿದೆ. "ಕೈಲಾಗದಿದ್ರೆ ಹೇಳು, ಅತ್ತಿಗೇನ ಕರೀತೀನಿ" ಎಂದೆ.

ಅಣ್ಣ ಗಾಜು ಎತ್ತಿದ.

ಅವನು ಮೇಲೆ, ನಾನು ಕೆಳಗೆ. ಹನ್ನೊಂದು ಮೆಟ್ಟಿಲು ಆದ ಮೇಲೆ ತಿರುವು. ತಿರುವಿನಲ್ಲಿ ಗಾಜು ನನ್ನ ಕಡೆಗೆ ಎರಡು ಬೆರಳಿನಷ್ಟು ಜಾರಿತು. ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಮಾತಿಗೆ ಕಾದೆ. ಮಾತು ಬರಲಿಲ್ಲ, ಜಾರುತ್ತಿದ್ದ ಗಾಜು ನಿಂತಿತು. "ನಿಧಾನ ಇಳಿಸು," ಎಂದ ಅಣ್ಣ, ಲೋಟ ಇಳಿಸು ಎನ್ನುವ ಸ್ವರದಲ್ಲಿ. ಕೆಳಗಿನ ಅಂಚನ್ನು ಮೆಟ್ಟಿಲಿಗೆ ಊರಿಸಿ ತಲೆ ಎತ್ತಿದೆ.

ಬಲಗೈಯ ಹಿಡಿತ ಬಿಟ್ಟುಹೋಗಿತ್ತು. ಮುಂಗೈಯನ್ನು ಗಾಜಿನ ಅಂಚಿಗೂ ಕಬ್ಬಿಣದ ಕಟಕಟೆಗೂ ನಡುವೆ ತೂರಿಸಿ ತಡೆದಿದ್ದ. ಅಂಚನ್ನು ಉಜ್ಜಿ ಹರಿತ ತೆಗೆದಿರಲಿಲ್ಲ, ಕ್ಲಿನಿಕ್ಕಿನವರಿಗೆ ಅವಸರ ಎಂದು ನಾನೇ ಹಾಗೇ ತಂದಿದ್ದೆ. ರಕ್ತ ಗಾಜಿನ ಮೇಲೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು.

"ಬಿಡು ಅನ್ನೋಕೆ ಏನಾಗಿತ್ತು ನಿನಗೆ?" ಎಂದು ಕಿರುಚಿದೆ.

"ನಿನ್ನ ಹಿಂದೆ ಗೋಡೆ ಇತ್ತಲ್ಲೋ," ಎಂದ.

ಕತ್ತೆ. ನಲವತ್ತು ವರ್ಷ ನನಗೆ ಪಾಠ ಹೇಳಿದವನು. ಹಿಡಿಯಬಾರದು, ಹಿಡಿಯಬಾರದು ಎಂದು ಬಡಿದು ಬಡಿದು ಕಲಿಸಿದವನು.

ಹಲ್ಲಿನ ಡಾಕ್ಟರು ಕೈಗೆ ಬಟ್ಟೆ ಸುತ್ತಿ, ಆಮೇಲೆ ಗಾಜಿಗೆ ಗೀರು ಬಿದ್ದಿದೆಯಾ ಎಂದು ಕೇಳಿದರು. ಆ ಮನುಷ್ಯನ ಬಗ್ಗೆ ಬರೆಯಲು ಈ ಡೈರಿಯ ಪುಟ ಸಾಲದು. ಗೀರು ಬಿದ್ದಿರಲಿಲ್ಲ. ಅಣ್ಣನನ್ನು ನರ್ಸಿನ ಜೊತೆ ಆಸ್ಪತ್ರೆಗೆ ಕಳಿಸಿ, ರಕ್ತ ಒರೆಸಿ, ಸಿಳ್ಳೆಯನ್ನು ಕರೆದು ಗಾಜು ಕೂರಿಸಿ ಬಂದೆ.

ಮಾರ್ಚ್ 20, ಗುರುವಾರ

ಹದಿನೇಳು ಹೊಲಿಗೆ. ಹೊಲಿದ ಡಾಕ್ಟರು ಗಾಯದ ಬಗ್ಗೆ ಅಷ್ಟಾಗಿ ಮಾತಾಡಲಿಲ್ಲ. "ಈ ಕೈ ಮೊದಲೇ ಸೋತಿತ್ತಲ್ಲ, ಯಾವಾಗಿಂದ?" ಎಂದು ಕೇಳಿದರು. ಅತ್ತಿಗೆ ಹೇಳಿದಳು, ಎಂಟು ತಿಂಗಳಿಂದ ಎಂದು. ಕುತ್ತಿಗೆಯ ಹತ್ತಿರ ನರ ಒತ್ತಿದೆ. ಬೆರಳಿಗೆ ಬಲ ಇಲ್ಲ. ಅಂಗಿಯ ಗುಂಡಿಯನ್ನು ಅವಳೇ ಹಾಕುತ್ತಾಳೆ. ತುಂಬಿದ ಲೋಟ ಹಿಡಿಯಲಾಗುವುದಿಲ್ಲ. ಮೊದಲಿನ ಹಾಗೆ ಆಗುವುದು ಕಷ್ಟ ಎಂದು ಬೇರೆ ಡಾಕ್ಟರು ಆಗಲೇ ಹೇಳಿದ್ದಾರಂತೆ.

ಎಂಟು ತಿಂಗಳು. ಹತ್ತು ಅಡಿ ದೂರದಿಂದ ಕೂದಲೆಳೆ ಬಿರುಕು ಹಿಡಿಯುವ ಕಣ್ಣಂತೆ ನನ್ನದು. ಥೂ.

ಹೊರಗೆ ಬೆಂಚಿನ ಮೇಲೆ ಅತ್ತಿಗೆಯನ್ನು ಕೇಳಿದೆ, ನನಗ್ಯಾಕೆ ಹೇಳಲಿಲ್ಲ ಎಂದು.

"ಹೇಳಿದ್ರೆ ನೀನು ಬೇರೆ ಆಳು ಹುಡುಕ್ತೀಯ ಅಂತ," ಎಂದಳು. "ಆ ಪಿಕಪ್‌ನಲ್ಲಿ ಎರಡೇ ಸೀಟು ಅಂತ ದಿನಾ ಗೊಣಗ್ತಿದ್ದರು. ಒಂದರಲ್ಲಿ ನೀನು. ಇನ್ನೊಂದರಲ್ಲಿ ಗಾಜು ಎತ್ತೋನು. ನಾನೆಲ್ಲಿ ಕೂತ್ಕೊಳ್ಳಲಿ ಅಂತ ನನ್ನ ಕೇಳ್ತಾರೆ. ನಾನೇನು ಹೇಳಲಿ?"

ಅದಕ್ಕೆ ಎಸ್‌ಯುವಿ. ಅದಕ್ಕೆ ಕನ್ನಡಿ, ಫೋಟೋ ಫ್ರೇಮು. ಬಾಯಿಬಿಟ್ಟು ಒಂದು ಮಾತು ಹೇಳುವ ಬದಲು ಏಳು ಸೀಟಿನ ಗಾಡಿ ಕೊಳ್ಳಲು ಹೊರಟವನಿಗೆ ಏನೆನ್ನಬೇಕು? ಮೂರ್ಖ ಎನ್ನಬೇಕು. ಅವನ ತಮ್ಮನಿಗೂ ಅದೇ.

ಮಾರ್ಚ್ 23, ಭಾನುವಾರ

ಇಂದಿನ ಗುರಿ: ಇಲ್ಲ.

ಅಣ್ಣನನ್ನು ನೋಡಲು ಹೋದೆ. ಕುರ್ಚಿಯಲ್ಲಿ ಕೂತಿದ್ದ, ಕೈ ದಿಂಬಿನ ಮೇಲೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಅತ್ತಿಗೆ ಅವಸರದಲ್ಲಿ ಹಾಕಿದ್ದಿರಬೇಕು. ನಾನು ಸರಿ ಮಾಡಲು ಹೋಗಲಿಲ್ಲ, ಅವನೂ ಹೇಳಲಿಲ್ಲ.

ಈಜುಕೊಳದ ಕೆಲಸದ ಬಗ್ಗೆ ಕೇಳಿದ. ಚೌಕಟ್ಟು ಬಂತಾ, ರಬ್ಬರು ಬಂತಾ. ಎಲ್ಲ ಬಂದಿದೆ ಎಂದೆ. ಸಿಳ್ಳೆ ಬರುತ್ತಾನಾ ಎಂದ. ಕೇಳಿದ್ದೇನೆ, ಖಾಯಂ ಬರುತ್ತಾನಂತೆ ಎಂದೆ. ತಲೆ ಆಡಿಸಿದ.

"ಹಾಗಾದ್ರೆ ಪಿಕಪ್ಪೇ ತಗೋ. ನೀನು ಹೇಳಿದ್ದು ಸರಿ. ಇಬ್ಬರಿಗೆ ಎರಡು ಸೀಟು ಸಾಕು."

"ಮತ್ತೆ ನೀನು?"

"ನನ್ನದು ಬಿಡು," ಎಂದ.

ಅವನ ಮನೆ, ಅವನ ಕುರ್ಚಿ, ಅಲ್ಲಿ ಗಾಜೇನೂ ಇರಲಿಲ್ಲ. ಆಡಬಾರದು ಎಂದು ಹೇಳುವ ಹಾಗಿರಲಿಲ್ಲ. ಎದ್ದು ಬಂದೆ.

ಡೈರಿಯ ಮೊದಲ ಪುಟ ತಿರುಗಿಸಿದೆ. ಅಣ್ಣನ ಬಾಯಿ ಮುಚ್ಚಿಸುವುದು ಎಂದು ಬರೆದಿದ್ದೇನೆ. ಇಪ್ಪತ್ತು ದಿನ ಹಿಡಿಯಿತು. ಗೋಂದು ಕಂಪನಿಯವರಿಗೆ ತಿಳಿಸಬೇಕು, ಗುರಿ ಮುಟ್ಟಿದೆ ಎಂದು.

ಮಾರ್ಚ್ 25, ಮಂಗಳವಾರ

ಇಂದಿನ ಗುರಿ: ಪಿಕಪ್ ಬುಕ್ ಮಾಡುವುದು.

ಶೋರೂಮಿಗೆ ಒಬ್ಬನೇ ಹೋದೆ. ಇಸ್ತ್ರಿ ಕಾಗದ ತಂದು ಮುಂದಿಟ್ಟ. ಸಹಿ ಮಾಡುವ ಮೊದಲು ಒಂದು ಸಲ ಕೂತು ನೋಡುತ್ತೇನೆ ಎಂದೆ. ಕೂತೆ. ಸ್ಟಿಯರಿಂಗು ಚೆನ್ನಾಗಿದೆ, ಕಿಟಕಿ ದೊಡ್ಡದು. ಪಕ್ಕದ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಅಲ್ಲಿ ಕೂತು ಸಿಳ್ಳೆ ಆ ಒಂದೇ ಸಾಲನ್ನು ಊದುವುದನ್ನು ಯೋಚಿಸಿದೆ. ಮೂವತ್ತು ವರ್ಷ ಆ ಕಡೆಯಿಂದ "ಮುಂದೆ ಗುಂಡಿ", "ಸೈಕಲ್ ಬಂತು", "ಕುರುಡನ ಹಾಗೆ ಓಡಿಸ್ತೀಯಲ್ಲೋ" ಎಂದು ಬೈಸಿಕೊಂಡು ಕಿವಿ ಹಾಳಾಗಿದೆ.

ಸಹಿ ಮಾಡಲಿಲ್ಲ. ಇಸ್ತ್ರಿ ಕೊಟ್ಟ ಪೆನ್ನು ಸರಿಯಾಗಿ ಮೂಡುತ್ತಿರಲಿಲ್ಲ. ಇಷ್ಟು ದೊಡ್ಡ ಶೋರೂಮು, ಒಂದು ಬರೆಯುವ ಪೆನ್ನಿಲ್ಲ.

ಮಾರ್ಚ್ 26, ಬುಧವಾರ

ಮತ್ತೆ ಹೋದೆ. ಇಸ್ತ್ರಿ ಮೂರು ಪೆನ್ನು ಇಟ್ಟಿದ್ದ. ಊಟದ ಹೊತ್ತಾಯಿತು ಎಂದು ಬಂದುಬಿಟ್ಟೆ. ಆಗ ಹನ್ನೊಂದೂವರೆ.

ಮಾರ್ಚ್ 29, ಶನಿವಾರ

ಇಂದಿನ ಗುರಿ: ಈ ಪೀಡೆ ಮುಗಿಸುವುದು.

ಡಬಲ್ ಕ್ಯಾಬ್ ಬುಕ್ ಮಾಡಿದೆ.

ಕಾರಣ ಬರೆದಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಹಿಂದಿನ ಸಾಲಿನಲ್ಲಿ ಗೋಂದಿನ ಡಬ್ಬಿ, ರಬ್ಬರು, ಹತಾರ ಇಡಬಹುದು, ಮಳೆಗೆ ನೆನೆಯುವುದಿಲ್ಲ. ಅಷ್ಟೇ. ತೊಟ್ಟಿ ನಿಜವಾಗಿಯೂ ಗಿಡ್ಡ. ಏಳಡಿ ಗಾಜು ಅದರಲ್ಲಿ ನಿಲ್ಲುವುದಿಲ್ಲ, ಪಕ್ಕಕ್ಕೆ ಉದ್ದಕ್ಕೂ ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಬೇಕು. ನೋಡಲು ಮಹಾ ಅಸಹ್ಯ. ಮುಂಭಾಗದಿಂದ ನೋಡಿದರೆ ಮದುವೆಗೆ ಹೊರಟ ಹಾಗೆ, ಹಿಂಭಾಗದಿಂದ ನೋಡಿದರೆ ಮನೆ ಖಾಲಿ ಮಾಡಿದ ಹಾಗೆ.

ಇಸ್ತ್ರಿ ರಸೀದಿ ಬರೆದುಕೊಟ್ಟ. ನಡೆದುಕೊಂಡು ಹೋಗುವವನಿಗೆ ಮರ್ಯಾದೆ ಜಾಸ್ತಿ ಎಂದು ನಾನು ಹೇಳಿದ್ದು ಅವನಿಗೆ ನೆನಪಿತ್ತು, ಕಣ್ಣಲ್ಲಿ ಕಂಡಿತು. ಇವತ್ತು ನಗಲಿಲ್ಲ ಎನ್ನುವುದನ್ನು ಅವನ ಖಾತೆಗೆ ಹಾಕುತ್ತೇನೆ.

ಏಪ್ರಿಲ್ 5, ಶನಿವಾರ

ಇಂದಿನ ಗುರಿ: ಸಿಳ್ಳೆಯ ಬಾಯಿ ಮುಚ್ಚಿಸುವುದು.

ಅದನ್ನು ಅಣ್ಣನೇ ಮಾಡಿದ. ನಾನು ಕರೆದಿರಲಿಲ್ಲ. ಹೊಸ ಆಳಿಗೆ ಗಾಜು ಹೊರುವುದು ಯಾರು ಕಲಿಸಬೇಕು, ನನಗೆ ಪುರುಸೊತ್ತಿಲ್ಲ, ಅವನು ಹೀಗೇ ಬಂದರೆ ಗ್ಯಾರಂಟಿ ಒಡೆಯುತ್ತಾನೆ ಎಂದು ಅತ್ತಿಗೆಯ ಹತ್ತಿರ ಸುಮ್ಮನೆ ಗೊಣಗಿದ್ದೆ. ಸಂಜೆಯೊಳಗೆ ಅಣ್ಣನ ಕಿವಿಗೆ ಬಿದ್ದಿದೆ.

ಬೆಳಗ್ಗೆ ಕೈಯನ್ನು ಜೋಲಿಗೆ ಹಾಕಿಕೊಂಡು ಬಂದು, ಹಳೆಯ ಬಾಗಿಲ ಹಲಗೆಯೊಂದನ್ನು ಗಾಜಿನ ಬದಲು ನಮ್ಮಿಬ್ಬರ ಕೈಗೆ ಕೊಟ್ಟು, ಅಂಗಡಿಯ ಹಿಂದಿನ ಅಂಗಳದಲ್ಲಿ ಸುತ್ತಿಸಿದ. ನನ್ನನ್ನೂ. ಐವತ್ತೆರಡು ವರ್ಷದ ನಾನು, ಬಾಗಿಲು ಹೊತ್ತುಕೊಂಡು, ಪ್ರದಕ್ಷಿಣೆ.

"ಸಿಳ್ಳೆ ಹಾಕಿದ್ರೆ ನನ್ನ ಮಾತು ಕೇಳಲ್ಲ," ಎಂದ ಅವನಿಗೆ. "ಕೇಳದಿದ್ರೆ ಕೈ ಹೋಗುತ್ತೆ. ಈ ಕೈ ನೋಡಿದೀಯಲ್ಲ."

ಸಿಳ್ಳೆ ನೋಡಿದ. ಮತ್ತೆ ಊದಲಿಲ್ಲ.

"ಬಿಡು" ಎಂದು ನಡುನಡುವೆ ಅನ್ನುತ್ತಿದ್ದ. ಅಂದಾಗಲೆಲ್ಲ ಹಲಗೆ ಬಿಟ್ಟು ಎರಡು ಹೆಜ್ಜೆ ಹಿಂದೆ. ಸಿಳ್ಳೆ ಮೊದಲ ಐದಾರು ಸಲ ಹಿಡಿಯಲು ಹೋದ. ಒಂದು ಸಲ ಹಲಗೆ ಕಾಲ್ಬೆರಳ ಮೇಲೆ ಬಿತ್ತು, ಆಮೇಲೆ ಕಲಿತ. ಮಧ್ಯಾಹ್ನದ ಹೊತ್ತಿಗೆ ಹಲಗೆ ನಾಲ್ಕು ಹೋಳಾಗಿತ್ತು. ಅಣ್ಣ ಚಹಾ ಕುಡಿದ. ನಾನೇ ಬಗ್ಗಿಸಿದೆ, ಅರ್ಧ ಲೋಟ. ಮುಗಿದ ಮೇಲೆ ಇನ್ನರ್ಧ.

ಏಪ್ರಿಲ್ 12, ಶನಿವಾರ

ಇಂದಿನ ಗುರಿ: ಏನೆಂದು ಅಣ್ಣನನ್ನು ಕೇಳಬೇಕು.

ಈಜುಕೊಳದ ಕೆಲಸದ ಎರಡನೆಯ ದಿನ. ನಿನ್ನೆ ಎಂಟು ಹಾಳೆ ಕೂರಿಸಿದ್ದೆವು.

ಬೆಳಗ್ಗೆ ಮತ್ತೆ ಅದೇ ನಾಟಕ. ಅಣ್ಣ ಹೊಸ ಗಾಡಿಯ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತ, ಗೋಂದಿನ ಡಬ್ಬಿಗಳ ಜೊತೆ ಕೂರಲು. ನಿನ್ನೆಯೂ ಹಾಗೇ ಮಾಡಿದ್ದ.

"ಮುಂದೆ ಬಾ. ದಾರಿ ಯಾರು ಹೇಳ್ತಾರೆ?" ಎಂದೆ.

"ನಿನಗೆ ದಾರಿ ಗೊತ್ತು."

"ಗುಂಡಿ ಗೊತ್ತಿಲ್ಲ."

ನಾನು ಇಳಿದು ಹೋಗಿ ಮುಂದಿನ ಬಾಗಿಲು ತೆಗೆದೆ. ಕೂತ. ಸಿಳ್ಳೆ ತಾನಾಗಿಯೇ ಹಿಂದಕ್ಕೆ ಹೋದ, ಅವನಿಗೆ ಕಾಲು ಚಾಚಲು ಜಾಗ ಸಿಕ್ಕಿದರೆ ಸ್ವರ್ಗ. ದಾರಿಯುದ್ದಕ್ಕೂ ಅಣ್ಣ ಬೈದ. ಗೇರು ತಪ್ಪು, ವೇಗ ಜಾಸ್ತಿ, ಕನ್ನಡಿ ನೋಡು. ಮಾಮೂಲು.

ಹನ್ನೊಂದನೆಯ ಹಾಳೆ. ಮುಂದೆ ನಾನು, ಹಿಂದೆ ಸಿಳ್ಳೆ. ಅಣ್ಣ ನಮಗೆ ಎದುರಾಗಿ, ಹಿಂದು ಹಿಂದಕ್ಕೆ ನಡೆಯುತ್ತಾ ಎಡಗೈ ಎತ್ತಿಕೊಂಡು "ಬನ್ನಿ, ಬನ್ನಿ, ಬಲಕ್ಕೆ ಒಂದು ಗೇಣು" ಎನ್ನುತ್ತಿದ್ದ. ಕೊಳದ ಪಕ್ಕದ ಹಾಸುಗಲ್ಲು ಯಾರೋ ತೊಳೆದು ಹಾಗೇ ಬಿಟ್ಟಿದ್ದರು. ಸಿಳ್ಳೆಯ ಬೂಟು ಜಾರಿದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ಮೊದಲೇ ಅಣ್ಣ ಹೇಳಿದ.

"ಬಿಡು."

ಜೋರಾಗಿಯೂ ಹೇಳಲಿಲ್ಲ. ನನ್ನ ಕೈ ನನ್ನನ್ನು ಕೇಳಲಿಲ್ಲ, ಬಿಟ್ಟಿತು. ಎರಡು ಹೆಜ್ಜೆ ಹಿಂದೆ ಇದ್ದೆ. ಆ ಕಡೆ ಸಿಳ್ಳೆಯೂ ಎರಡು ಹೆಜ್ಜೆ ಹಿಂದೆ, ಗೋಡೆಗೆ ಅಂಟಿಕೊಂಡು ನಿಂತಿದ್ದ. ನಾವು ನಿಂತಿದ್ದ ಜಾಗದಲ್ಲಿ ಗಾಜು ಬಿತ್ತು. ಏಳಡಿ ಗಾಜು ಕಲ್ಲಿನ ಮೇಲೆ ಬಿದ್ದ ಸದ್ದು ಆ ಖಾಲಿ ಕಟ್ಟಡದಲ್ಲಿ ಬಹಳ ಹೊತ್ತು ಇತ್ತು. ಒಂದು ಉದ್ದನೆಯ ಚೂರು ಸಿಳ್ಳೆಯ ಬೂಟಿನ ತುದಿಯವರೆಗೆ ಜಾರಿಹೋಗಿ ನಿಂತಿತು.

ಅಣ್ಣ ಮೊದಲು ನನ್ನ ಕೈ ನೋಡಿದ, ಎರಡೂ ಕಡೆ ತಿರುಗಿಸಿ. ಆಮೇಲೆ ಸಿಳ್ಳೆಯ ಕೈ. ಯಾರಿಗೂ ಏನೂ ಆಗಿರಲಿಲ್ಲ. ಹೆದರಿದ್ದೆ, ಸುಳ್ಳು ಯಾಕೆ ಬರೆಯಲಿ. ಅವತ್ತು ಮೆಟ್ಟಿಲ ಮೇಲೆ ಅವನು ಈ ಮಾತು ಆಡಿದ್ದರೆ ನನ್ನ ಹಿಂದೆ ಈ ಎರಡು ಹೆಜ್ಜೆ ಜಾಗ ಇರಲಿಲ್ಲ ಎನ್ನುವುದು ಅಲ್ಲಿ ನಿಂತಾಗ ನನ್ನ ಮೈಗೆ ತಟ್ಟಿತು.

ಅಣ್ಣ ಮೂಲೆಯಿಂದ ಪೊರಕೆ ತಂದು, ಎಡಗೈಯಲ್ಲಿ ಹಿಡಿದು, ಗುಡಿಸಲು ಬಗ್ಗಿದ. ಗಾಯದ ಕೈ ಜೋಲಿಯಿಂದ ಹೊರಗೆ ಬಂದು ನೇತಾಡುತ್ತಿತ್ತು. ನನಗೆ ನೋಡಲಾಗಲಿಲ್ಲ.

"ಬಿಡು ಅಣ್ಣ, ನಾನು ಗುಡಿಸ್ತೀನಿ," ಎಂದೆ.

ಸಿಳ್ಳೆ ಎರಡು ಹೆಜ್ಜೆ ಹಿಂದಕ್ಕೆ ಹಾರಿ ಗೋಡೆಗೆ ತಲೆ ಬಡಿಸಿಕೊಂಡ.

ಅಣ್ಣ ಸೊಂಟ ನೆಟ್ಟಗೆ ಮಾಡಿದ. ಅವನ ಮುಖ ಕೆಂಪಾಗಿತ್ತು. ಎಂಟು ತಿಂಗಳಿಂದ, ಇನ್ನೂ ಹೆಚ್ಚೇ ಇರಬಹುದು, ಆ ಮುಖವನ್ನು ನಾನು ನೋಡಿರಲಿಲ್ಲ.

"ಕೆಲಸದ ಜಾಗದಲ್ಲಿ ಆ ಮಾತು ಆಡಬೇಡ ಅಂತ ನಿನಗೆ ಎಷ್ಟು ಸಲ ಹೇಳಬೇಕು? ಐವತ್ತು ದಾಟಿದೆ, ಇನ್ನೂ ಬುದ್ಧಿ ಬಂದಿಲ್ಲ. ಈ ಹೊಸಬ ಕಲಿತ, ನೀನು ಕಲೀಲಿಲ್ಲ. ಅಳತೆಕೋಲು ಎಲ್ಲಿದೆ?"

"ಗಾಡಿಯಲ್ಲಿದೆ," ಎಂದೆ.

"ತಗೊಂಡು ಬಾ."

"ಹೂಂ," ಎಂದು ಹೋಗಿ ತಂದುಕೊಟ್ಟೆ.